ಎಂಡೊಮೆಟ್ರಿಯೋಸಿಸ್ ಶಸ್ತ್ರಚಿಕಿತ್ಸೆಯಾಗಿ ಹದಿನಾಲ್ಕು ತಿಂಗಳಿಗೆ ನೋವು ಮರಳಿದೆ: ಎರಡನೆಯ ಸಲ ಒಪ್ಪಿಕೊಳ್ಳಬೇಕೇ?

ಬೆಳಗಿನ ಘಂಟೆ

ನಾನು ಪ್ರೌಢಶಾಲೆಯ ಗಣಿತ ಶಿಕ್ಷಕಿ. ವಯಸ್ಸು 33, ಮನೆ ಬಸವನಗುಡಿಯಲ್ಲಿ, ಶಾಲೆ ರಾಜಾಜಿನಗರದಲ್ಲಿ. ನನಗಿರುವುದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ. 2024ರ ಆಗಸ್ಟ್‌ನಲ್ಲಿ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನಗೆ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಹಾಕಿ ಮಾಡುವ ಶಸ್ತ್ರಚಿಕಿತ್ಸೆ, ಆಯಿತು. ಎಡ ಅಂಡಾಶಯದಲ್ಲಿ ಐದು ಸೆಂಟಿಮೀಟರಿನ ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಿಂದಾಗುವ, ಹಳೆಯ ರಕ್ತ ತುಂಬಿದ ಚೀಲ) ಇತ್ತು. ‘ಎಲ್ಲವನ್ನೂ ಸ್ವಚ್ಛ ಮಾಡಿದ್ದೇವೆ, ಇನ್ನು ಮಗುವಿನ ಬಗ್ಗೆ ಯೋಚಿಸಿ’ ಎಂದು ಹೇಳಿ ಕಳುಹಿಸಿದರು. ಮಗುವಿಗಾಗಿ ಪ್ರಯತ್ನಿಸುತ್ತಿದ್ದ ಕಾರಣ ಆಮೇಲೆ ಯಾವ ಮಾತ್ರೆಯನ್ನೂ ಕೊಡಲಿಲ್ಲ. ಮಗುವೂ ಆಗಲಿಲ್ಲ.

ಆದರೆ ಆ ಒಂದು ವರ್ಷ ಎಷ್ಟು ಚೆನ್ನಾಗಿತ್ತು! ಮುಟ್ಟಿನ ಮೊದಲ ದಿನವೇ ಆರು ತರಗತಿ ಪಾಠ ಮಾಡಿ, ಮೆಟ್ರೋದಲ್ಲಿ ನಿಂತುಕೊಂಡೇ ಬಂದು, ಗಾಂಧಿ ಬಜಾರಿನಲ್ಲಿ ಸೊಪ್ಪು ಕೊಂಡು ಮನೆಗೆ ನಡೆದದ್ದುಂಟು. ಅದನ್ನು ಅಮ್ಮನಿಗೆ ಹೇಳುವಾಗ ಸಂತೋಷಕ್ಕೆ ಅಳು ಬಂದಿತ್ತು.

ಈಗ ನೋವು ಮರಳಿದೆ. ಮೊದಲು ಮುಟ್ಟಿನ ಎರಡು ದಿನ ಮಾತ್ರ ಇತ್ತು. ಈಗ ವಾರ ಮುಂಚೆಯೇ ಸೊಂಟ ಹಿಡಿದುಕೊಳ್ಳುತ್ತದೆ, ಬಲ ತೊಡೆಯ ಒಳಗೆ ಎಳೆತ ಇಳಿಯುತ್ತದೆ. ಮುಟ್ಟಿನ ದಿನಗಳಲ್ಲಿ ಶೌಚಕ್ಕೆ ಕೂತರೆ ಒಳಗಿನ ಹಸಿಗಾಯವನ್ನು ಯಾರೋ ಹಿಂಡಿದ ಹಾಗಾಗುತ್ತದೆ. ಕಳೆದ ತಿಂಗಳು ತ್ರಿಭುಜದ ಪ್ರಮೇಯ ಬರೆಯುತ್ತಿದ್ದವಳು ಕಪ್ಪುಹಲಗೆಗೆ ಹಣೆ ಒರಗಿಸಿ ನಿಂತುಬಿಟ್ಟೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಸದ್ದಿಲ್ಲದೆ ಎದ್ದು ಬಂದು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಉಳಿದ ಸಾಲುಗಳನ್ನು ತಾನೇ ಬರೆದಳು.

ಸ್ಕ್ಯಾನಿನಲ್ಲಿ ‘ಎಡಗಡೆ ಎರಡು ಸೆಂಟಿಮೀಟರಿನ ಸಿಸ್ಟ್, ಉಳಿದಂತೆ ಸಹಜ’ ಎಂದಿದೆ. ಮೊದಲು ಆಪರೇಷನ್ ಮಾಡಿದವರು ಇನ್ನೊಮ್ಮೆ ಲ್ಯಾಪರೋಸ್ಕೋಪಿ ಮಾಡೋಣ ಎನ್ನುತ್ತಾರೆ. ಎರಡನೆಯವರು ನೋವು ಇಷ್ಟೊಂದಿದ್ದರೆ ಗರ್ಭಕೋಶ ತೆಗೆಸಿಬಿಡಿ ಎಂದರು. ಮೂರನೆಯವರು ‘ಇಷ್ಟು ಚಿಕ್ಕ ಸಿಸ್ಟಿಗೆ ಅಷ್ಟು ನೋವು ಬರುವುದಿಲ್ಲ, ಒತ್ತಡ ಕಡಿಮೆ ಮಾಡಿಕೊಳ್ಳಿ’ ಎಂದರು. ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ ಎಂದು ಅತ್ತೆ ಹೇಳುತ್ತಾರೆ. ನಾಲ್ವರೂ ಒಳ್ಳೆಯದಕ್ಕೇ ಹೇಳಿರಬಹುದು. ಆದರೆ ನನಗೆ ಯಾವ ದಾರಿಯೂ ಕಾಣುತ್ತಿಲ್ಲ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಜಯನಗರದ ಜಾಜಿ

ನನಗೆ 39. ಮೂರು ಸಲ ಶಸ್ತ್ರಚಿಕಿತ್ಸೆಯಾಗಿದೆ: 2014, 2017, 2021. ಮೂರನೆಯದಕ್ಕೆ ಮುಂಚೆ ಒಬ್ಬ ವೈದ್ಯೆ ಕೇಳಿದ ಪ್ರಶ್ನೆಯನ್ನು ಮೊದಲೇ ಯಾರಾದರೂ ಕೇಳಿದ್ದರೆ ಎರಡನೆಯದು ಬೇಕಾಗುತ್ತಿರಲಿಲ್ಲವೇನೋ. ಅವರು ಕೇಳಿದ್ದು ಇಷ್ಟೇ: ‘ಹಿಂದಿನ ಸಲ ಒಳಗೆ ಏನು ಕಂಡಿತು, ಏನನ್ನು ತೆಗೆದರು, ಏನನ್ನು ಬಿಟ್ಟರು? ಕಾಗದ ಎಲ್ಲಿದೆ?’

ನನ್ನ ಬಳಿ ಇದ್ದದ್ದು ಡಿಸ್ಚಾರ್ಜ್ ಸಮ್ಮರಿಯ ಎರಡು ಹಾಳೆ. ಅದರಲ್ಲಿ ‘ಸಿಸ್ಟ್ ತೆಗೆಯಲಾಗಿದೆ’ ಎಂಬ ಒಂದೇ ಸಾಲು. ಆಪರೇಷನ್ ನೋಟ್ಸ್ ಎಂಬುದು ಬೇರೆಯೇ ಇರುತ್ತದೆ, ತಂಗಿ. ಶಸ್ತ್ರಚಿಕಿತ್ಸಕರು ಅಂದೇ ಬರೆದಿಟ್ಟ ವಿವರ ಅದು. ಯಾವ ಅಂಗ ಯಾವುದಕ್ಕೆ ಅಂಟಿಕೊಂಡಿತ್ತು, ರೋಗ ಎಲ್ಲೆಲ್ಲಿ ಹರಡಿತ್ತು, ಯಾವುದನ್ನು ಕತ್ತರಿಸಿದರು, ಯಾವುದನ್ನು ಸುಟ್ಟರು ಎಂದು ಅದರಲ್ಲಿರುತ್ತದೆ. ಬಯಾಪ್ಸಿ ವರದಿಯನ್ನೂ ಕೇಳಿ. ವಿಡಿಯೋ ಉಳಿಸಿದ್ದರೆ ಅದನ್ನೂ ಕೇಳಿ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ. ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕೆಂದೂ ಅದೇ ನಿಯಮ ಹೇಳುತ್ತದೆ. ನಿಮ್ಮ ಮೂರು ವರ್ಷ ಇನ್ನೂ ಮುಗಿದಿಲ್ಲ. ನಾಳೆಯೇ ಹೋಗಿ, ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ.

ಇನ್ನೊಂದು ಮಾತು. ಬೇರು ಸಹಿತ ತೆಗೆಯುವುದು ಬೇರೆ, ಮೇಲೆ ಸುಟ್ಟು ಬಿಡುವುದು ಬೇರೆ. ನನ್ನ ಮೊದಲೆರಡು ಸಲ ಆದದ್ದು ಸುಡುವುದೇ. ಹೊಲದಲ್ಲಿ ಕಳೆಯನ್ನು ಕುಡುಗೋಲಿನಿಂದ ಸವರಿದರೆ ಎಷ್ಟು ದಿನ ನೆಲ ಕಾಣುತ್ತದೆ?

ಹೊಲಿಗೆ ಯಂತ್ರ 42

ಅಕ್ಕ, ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನನಗೂ ಇದೇ ಕಾಯಿಲೆ. ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ಮೂಲಕ ಆಪರೇಷನ್ ಆಯಿತು, ನನ್ನ ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ. ಆದ ಮೇಲೆ ದಿನಕ್ಕೊಂದರಂತೆ ಮಾತ್ರೆ ಕೊಟ್ಟಿದ್ದರು. ನಾನು ಅದನ್ನು ನೋವಿನ ಮಾತ್ರೆ ಎಂದೇ ತಿಳಿದಿದ್ದೆ. ನೋವಿಲ್ಲ, ಮಧ್ಯೆ ಮಧ್ಯೆ ರಕ್ತ ಬೇರೆ ಕಾಣಿಸುತ್ತದೆ, ಇನ್ನು ಯಾಕೆ ನುಂಗಬೇಕು ಎಂದು ನಾಲ್ಕು ತಿಂಗಳಿಗೆ ಬಿಟ್ಟೆ. ಒಂದು ವರ್ಷಕ್ಕೆ ಎಲ್ಲ ಮೊದಲಿನಂತಾಯಿತು. ಅದು ನೋವಿಗಲ್ಲ, ರೋಗ ಮತ್ತೆ ಬೆಳೆಯದಿರಲಿ ಎಂದು ಕೊಟ್ಟದ್ದು ಎಂಬುದು ಆಮೇಲೆ ತಿಳಿಯಿತು. ಸಾಲಿನಲ್ಲಿ ನನ್ನ ಹಿಂದೆ ಅರವತ್ತು ಜನ ನಿಂತಿದ್ದರು. ಅದನ್ನೆಲ್ಲ ಬಿಡಿಸಿ ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ನಮ್ಮಂಥವರು ಇದನ್ನು ಓದುತ್ತಿದ್ದರೆ ಎಂದು ಒಂದು ವಿಷಯ ಬರೆಯುತ್ತೇನೆ. ತಿಂಗಳ ಸಂಬಳ 21,000 ರೂಪಾಯಿಯವರೆಗೆ ಇದ್ದರೆ ಇಎಸ್‌ಐ ಅನ್ವಯಿಸುತ್ತದೆ. ಆಪರೇಷನ್ ಆದಾಗ ಅಥವಾ ನೋವಿನಿಂದ ಏಳಲಾಗದಿದ್ದಾಗ ಅಲ್ಲಿನ ವೈದ್ಯರು ಪ್ರಮಾಣಪತ್ರ ಕೊಟ್ಟರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಹಣ ಬರುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಮೊದಲ ಸಲ ಸಂಬಳವಿಲ್ಲದೆ ಇಪ್ಪತ್ತು ದಿನ ಮನೆಯಲ್ಲಿದ್ದೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ಒಪ್ಪಿದ ಋತುಚಕ್ರ ರಜೆಯೂ ಇದೆ, ತಿಂಗಳಿಗೆ ಒಂದು ದಿನ, ವರ್ಷಕ್ಕೆ 12. ನಮ್ಮ ಕಾಯಿಲೆಗೆ ಒಂದು ದಿನ ಸಾಲದು, ನಿಜ. ಆದರೂ ಕೇಳಿ ತೆಗೆದುಕೊಳ್ಳಿ. ಸುಳ್ಳು ಜ್ವರ ಹೇಳಿ ರಜೆ ಹಾಕುವುದು ತಪ್ಪುತ್ತದೆ.

ವೈದ್ಯೆ, ದಕ್ಷಿಣ ಬೆಂಗಳೂರು

ನಾನು ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮನ್ನು ಪರೀಕ್ಷಿಸಿಲ್ಲವಾದ್ದರಿಂದ ನೀವು ಏನು ಮಾಡಬೇಕೆಂದು ಹೇಳುವ ಹಕ್ಕು ನನಗಿಲ್ಲ. ಆದರೆ ನಿಮ್ಮ ಮೂರನೆಯ ವೈದ್ಯರ ಮಾತಿಗೆ ಉತ್ತರ ಕೊಡದೆ ಇರಲಾರೆ. ಸಿಸ್ಟಿನ ಅಳತೆಗೂ ನೋವಿನ ಅಳತೆಗೂ ಸಂಬಂಧವಿಲ್ಲ. ಹೊಟ್ಟೆ ತುಂಬ ರೋಗ ಹರಡಿದ್ದರೂ ನೋವೇ ಕಾಣದವರಿದ್ದಾರೆ. ಬೆರಳ ತುದಿಯಷ್ಟು ರೋಗಕ್ಕೆ ನೆಲಕ್ಕೆ ಬಿದ್ದು ಹೊರಳುವವರೂ ಇದ್ದಾರೆ. ರೋಗ ಎಲ್ಲಿದೆ, ಎಷ್ಟು ಆಳಕ್ಕೆ ಇಳಿದಿದೆ, ಯಾವ ನರದ ಹತ್ತಿರ ಇದೆ ಎಂಬುದರ ಮೇಲೆ ನೋವು ನಿಲ್ಲುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಬರುವ ನೋವು ಒಂದೇ ಬಗೆಯದಲ್ಲ. ಇದನ್ನು ಬಿಡಿಸಿ ನೋಡದೆ ಮತ್ತೆ ಹೊಟ್ಟೆಗೆ ರಂಧ್ರ ಹಾಕಿದರೆ ನಿರಾಸೆಯೇ ಹೆಚ್ಚು. ಮೊದಲ ಸಲವೇ ತೆಗೆಯದೆ ಬಿಟ್ಟ ಭಾಗವಿದ್ದರೆ ನೋವು ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ತಲೆಯೆತ್ತುತ್ತದೆ, ಕೆಲವೊಮ್ಮೆ ಒಂದು ವರ್ಷ ಸುಮ್ಮನಿದ್ದು ಎದ್ದದ್ದೂ ಉಂಟು. ಹೊಸದಾಗಿ ಬೆಳೆದದ್ದೂ ಇರಬಹುದು. ಎರಡು ವರ್ಷದಲ್ಲಿ ಸುಮಾರು ಶೇ 20, ಐದು ವರ್ಷದಲ್ಲಿ ಶೇ 40ರಿಂದ 50ರಷ್ಟು ಜನರಲ್ಲಿ ಇದು ಮರಳುತ್ತದೆ ಎಂಬ ಲೆಕ್ಕವನ್ನು ವೈದ್ಯಕೀಯ ಬರಹಗಳಲ್ಲಿ ನೋಡುತ್ತೇವೆ. ಇದರ ಜೊತೆಗೆ ಅಡೆನೋಮಯೋಸಿಸ್ ಇರಬಹುದು. ಅಂದರೆ ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೇ ಹೊಕ್ಕಿರುವುದು. ಸಿಸ್ಟ್ ತೆಗೆದರೆ ಅದು ಹೋಗುವುದಿಲ್ಲ. ಕರುಳಿನ ಅಥವಾ ಮೂತ್ರಕೋಶದ ಬೇರೆ ತೊಂದರೆ ಸೇರಿಕೊಂಡಿರಬಹುದು. ವರ್ಷಗಟ್ಟಲೆ ನೋವಿಗೆ ಬಿಗಿಹಿಡಿದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿಯುವುದನ್ನೇ ಅಭ್ಯಾಸ ಮಾಡಿಕೊಂಡಿರಬಹುದು. ಬೆನ್ನುಹುರಿ, ಮಿದುಳುಗಳಲ್ಲಿ ನೋವಿನ ದಾರಿಗಳೇ ಸೂಕ್ಷ್ಮವಾಗಿ, ಸಣ್ಣ ಸಂಕೇತವನ್ನೂ ದೊಡ್ಡದು ಮಾಡಿ ಹೇಳುತ್ತಿರಬಹುದು. ಇದಕ್ಕೆ ‘ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎಂಬ ಅರ್ಥ ಖಂಡಿತ ಇಲ್ಲ. ಅದು ನರಮಂಡಲದಲ್ಲಿ ನಿಜಕ್ಕೂ ಆಗುವ ಬದಲಾವಣೆ, ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ.

ನೀವು ಬರೆದದ್ದರಲ್ಲಿ ನನ್ನ ಗಮನ ಹೋದದ್ದು ಸಿಸ್ಟಿನ ಕಡೆಗಲ್ಲ, ಮುಟ್ಟಿನ ದಿನಗಳ ಶೌಚದ ನೋವಿನ ಕಡೆಗೆ ಮತ್ತು ಬಲತೊಡೆಯ ಎಳೆತದ ಕಡೆಗೆ. ಸಿಸ್ಟ್ ಎಡಗಡೆ ಇದೆಯಲ್ಲವೇ? ಗರ್ಭಕೋಶದ ಹಿಂದೆ, ಕರುಳಿನ ಪಕ್ಕದಲ್ಲಿ ಆಳದ ರೋಗವಿದೆಯೇ ಎಂದು ನೋಡಬೇಕು. ಸಾಮಾನ್ಯ ಸ್ಕ್ಯಾನ್ ‘ಸಹಜ’ ಎಂದರೆ ಅದು ಇಲ್ಲವೆಂದಲ್ಲ. ಈ ರೋಗವನ್ನು ಹುಡುಕುವುದರಲ್ಲಿ ಪಳಗಿದವರು ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನ್, ಅಥವಾ ಎಂಡೊಮೆಟ್ರಿಯೋಸಿಸ್‌ಗೆಂದೇ ಕ್ರಮಬದ್ಧವಾಗಿ ತೆಗೆಯುವ ಎಂಆರ್‌ಐ ಬೇಕು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಇಎಸ್‌ಎಚ್‌ಆರ್‌ಇ ಸಂಸ್ಥೆಯ 2022ರ ಮಾರ್ಗಸೂಚಿ ಪತ್ತೆಗಾಗಿ ಮೊದಲು ಲ್ಯಾಪರೋಸ್ಕೋಪಿ ಎಂಬ ಹಳೆಯ ಪದ್ಧತಿಯನ್ನೇ ಕೈಬಿಟ್ಟಿದೆ. ಸಿಎ-125 ರಕ್ತಪರೀಕ್ಷೆಗೆ ಹಣ ಸುರಿಯಬೇಡಿ, ಅದರಿಂದ ಇಲ್ಲಿ ಏನೂ ತೀರ್ಮಾನವಾಗುವುದಿಲ್ಲ.

ಜಾಜಿಯವರು ಸುಡುವುದರ ಬಗ್ಗೆ ಬರೆದದ್ದಕ್ಕೆ ಒಂದು ತಿದ್ದುಪಡಿ. ಮೇಲ್ಪದರದ ಸಣ್ಣ ಚುಕ್ಕೆಗಳಾದರೆ ಸುಟ್ಟರೂ ಕತ್ತರಿಸಿದರೂ ನೋವಿನಲ್ಲಿ ದೊಡ್ಡ ವ್ಯತ್ಯಾಸ ಸ್ಪಷ್ಟವಾಗಿ ಕಂಡಿಲ್ಲ. ಆಳದ ರೋಗಕ್ಕೆ ಮತ್ತು ಚಾಕೊಲೇಟ್ ಸಿಸ್ಟಿಗೆ ಅವರ ಮಾತು ಸರಿ. ಸಿಸ್ಟಿನ ದ್ರವವನ್ನು ಹೀರಿ ಗೋಡೆ ಸುಟ್ಟರೆ ಅದು ಮರಳುವುದು ಹೆಚ್ಚು, ಗೋಡೆಯನ್ನೇ ಬಿಡಿಸಿ ತೆಗೆದರೆ ಕಡಿಮೆ. ಆದರೆ ಬಿಡಿಸಿ ತೆಗೆಯುವಾಗ ಅಂಡಾಶಯದ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದೆ. ಮಗು ಬೇಕೆನ್ನುವವರಿಗೆ ಅದೇ ಅಂಡಾಶಯದ ಮೇಲೆ ಎರಡನೆಯ ಸಲ ಕೈಯಿಡುವ ಮುಂಚೆ ಅಂಡಾಶಯದಲ್ಲಿ ಉಳಿದಿರುವ ಅಂಡಾಣುಗಳ ಅಂದಾಜು ಕೊಡುವ ಎಎಂಎಚ್ ರಕ್ತಪರೀಕ್ಷೆ ಮಾಡಿಸಲೇಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಒಬ್ಬ ಗಂಡ

ಹೆಂಗಸರ ಮಾತಿನ ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಹೆಂಡತಿಗೆ ಆಪರೇಷನ್ ಆಗಿ ಎರಡು ವರ್ಷವಾಯಿತು. ಸ್ಕ್ಯಾನ್, ಎಂಆರ್‌ಐ ಎರಡರಲ್ಲೂ ಈಗ ರೋಗವಿಲ್ಲ. ಆದರೂ ದಾಂಪತ್ಯದ ಹೊತ್ತಿನಲ್ಲಿ, ಆಮೇಲೆ ಎರಡು ದಿನ, ಅವಳಿಗೆ ತಡೆಯಲಾಗದ ನೋವು. ಮೊದಮೊದಲು ನನಗೆ ಬೇಸರವಾಗಬಾರದೆಂದು ಹಲ್ಲುಕಚ್ಚಿ ಸುಮ್ಮನಿರುತ್ತಿದ್ದಳಂತೆ. ಅದು ತಿಳಿದ ದಿನ ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ವೈದ್ಯೆಯವರು ಹೇಳಿದ ಸ್ನಾಯುಗಳ ಬಿಗಿತಕ್ಕೆ ಏನು ಮಾಡುತ್ತಾರೆ? ಕೇಳಲು ಅವಳಿಗೆ ಸಂಕೋಚ, ಅವಳ ಪರವಾಗಿ ಕೇಳುತ್ತಿದ್ದೇನೆ.

ಮಂದಾರ

ಸಂಕೋಚ ಪಡುವಂಥದ್ದು ಏನೂ ಇಲ್ಲ ಎಂದು ಅವರಿಗೆ ಹೇಳಿ, ಅಣ್ಣ. ನಾನು ಇದಕ್ಕಾಗಿಯೇ ತರಬೇತಿ ಪಡೆದ ಮಹಿಳಾ ಫಿಸಿಯೋಥೆರಪಿಸ್ಟ್ ಬಳಿ ನಾಲ್ಕು ತಿಂಗಳು ಹೋದೆ. ಮೊದಲ ದಿನ ಬರೀ ಮಾತು. ಹೇಗೆ ಕೂರುತ್ತೀರಿ, ಮೂತ್ರವನ್ನು ಎಷ್ಟು ಹೊತ್ತು ತಡೆದುಕೊಳ್ಳುತ್ತೀರಿ, ನೋವು ಬಂದಾಗ ಉಸಿರನ್ನು ಹಿಡಿಯುತ್ತೀರಾ ಎಂದು ಕೇಳಿದರು. ಹೊರ ವರ್ತುಲ ರಸ್ತೆಯ ದಟ್ಟಣೆಯಲ್ಲಿ ಎರಡು ತಾಸು ಕಚೇರಿಯ ಬಸ್ಸಿನಲ್ಲಿ ಕೂತು ಮೂತ್ರ ಕಟ್ಟಿಕೊಳ್ಳುವುದು ನನ್ನ ನೋವಿಗೆ ಸೇರಿಕೊಂಡಿತ್ತೆಂದು ನನಗೆ ಹೊಳೆದಿರಲೇ ಇಲ್ಲ. ಆಮೇಲೆ ಹೊಟ್ಟೆಯಿಂದ ಉಸಿರಾಡುತ್ತಾ ತಳದ ಸ್ನಾಯುಗಳನ್ನು ಸಡಿಲ ಬಿಡುವುದನ್ನು ಕಲಿಸಿದರು. ಬಿಗಿ ಹಿಡಿಯುವ ವ್ಯಾಯಾಮವಲ್ಲ, ಸಡಿಲ ಬಿಡುವುದು. ಇದನ್ನು ಅಡಿಗೆರೆ ಎಳೆದು ಓದಿಕೊಳ್ಳಿ, ಏಕೆಂದರೆ ಹೆರಿಗೆಯಾದವರಿಗೆ ಹೇಳುವ ಬಿಗಿಯುವ ವ್ಯಾಯಾಮವನ್ನು ಮೊಬೈಲಿನಲ್ಲಿ ನೋಡಿ ಮಾಡಿ ನಾನು ನೋವನ್ನು ಹೆಚ್ಚಿಸಿಕೊಂಡಿದ್ದೆ. ಒಳಗಿನ ಪರೀಕ್ಷೆಯನ್ನು ನಾನು ಒಪ್ಪಿದ ದಿನ ಮಾತ್ರ ಮಾಡಿದರು. ಮೂರನೆಯ ತಿಂಗಳಿಗೆ ಅರ್ಧ ನೋವು ಇಳಿಯಿತು. ಉಳಿದರ್ಧ ಇನ್ನೂ ಇದೆ, ಸುಳ್ಳು ಹೇಳುವುದಿಲ್ಲ.

ಮಾತ್ರೆಯ ವಿಷಯ ಬಂತಲ್ಲ, ಅದನ್ನೂ ಹೇಳುತ್ತೇನೆ. ರೋಗ ಮತ್ತೆ ಬೆಳೆಯದಿರಲೆಂದು ಕೊಡುವ ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ನನಗೆ ಒಗ್ಗಲಿಲ್ಲ. ಎರಡನೆಯ ತಿಂಗಳಿಗೆ ಮನಸ್ಸಿಗೆ ಮಂಕು ಕವಿಯಿತು. ಬೆಳಿಗ್ಗೆ ಎದ್ದರೆ ಯಾಕಾದರೂ ಬೆಳಗಾಯಿತೋ ಅನ್ನಿಸುತ್ತಿತ್ತು. ಅದು ಮಾತ್ರೆಯಿಂದ ಆಗಬಹುದೆಂದು ಮೊದಲೇ ತಿಳಿದಿದ್ದರೆ ನನ್ನ ಮನೆಯವರೂ ನಾನೂ ಅಷ್ಟು ನರಳುತ್ತಿರಲಿಲ್ಲ.

ಕೆಂಗೇರಿ ಉಪನಗರ

ಮಂದಾರ ಅವರ ಕಷ್ಟ ಓದಿ ಸಂಕಟವಾಯಿತು. ಆದರೆ ಇದನ್ನು ಓದಿ ಯಾರೂ ಹೆದರಿ ಮಾತ್ರೆಯನ್ನು ಮುಟ್ಟದೆ ಇರಬಾರದು. ನನಗೆ ಅದೇ ಡೈನೋಜೆಸ್ಟ್ ಮೂರು ವರ್ಷದ ಬದುಕನ್ನು ಮರಳಿಸಿತು. ಮೊದಲ ಮೂರು ತಿಂಗಳು ಚುಕ್ಕೆ ಚುಕ್ಕೆ ರಕ್ತ, ತಲೆನೋವು. ಆಮೇಲೆ ಮುಟ್ಟೇ ನಿಂತಿತು, ನೋವೂ ನಿಂತಿತು. ಎರಡನೆಯ ಆಪರೇಷನ್‌ಗೆ ದಿನ ಗೊತ್ತು ಮಾಡಿದ್ದವಳು ರದ್ದು ಮಾಡಿದೆ.

ವಿಮೆಯ ಬಗ್ಗೆ ಒಂದು ಮಾತು. ಪಾಲಿಸಿ ಬದಲಾಯಿಸುವವರು, ಹೊಸದಾಗಿ ಮಾಡಿಸುವವರು ಈ ಕಾಯಿಲೆಯನ್ನು ಮುಚ್ಚಿಡಬೇಡಿ. 2024ರ ಏಪ್ರಿಲ್‌ನಿಂದ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟರೆ ಬೇಕಾದ ಹೊತ್ತಿನಲ್ಲಿ ಕೈಕೊಡುತ್ತದೆ.

ವೈದ್ಯೆ, ದಕ್ಷಿಣ ಬೆಂಗಳೂರು

ಮಂದಾರ, ಕೆಂಗೇರಿ, ನಿಮ್ಮಿಬ್ಬರ ಅನುಭವವೂ ನಿಜ. ಮನಸ್ಸು ಕುಗ್ಗಿದರೆ ಅಂದೇ ವೈದ್ಯರಿಗೆ ಹೇಳಬೇಕು, ಸದ್ದಿಲ್ಲದೆ ಬಿಡಬಾರದು, ಸದ್ದಿಲ್ಲದೆ ಸಹಿಸಲೂಬಾರದು. ಬೇರೆ ದಾರಿಗಳಿವೆ. ಮಧ್ಯೆ ನಿಲ್ಲಿಸದೆ ತೆಗೆದುಕೊಳ್ಳುವ ಸಂಯುಕ್ತ ಹಾರ್ಮೋನ್ ಮಾತ್ರೆ, ಗರ್ಭಕೋಶದೊಳಗೆ ಇಡುವ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಹಾರ್ಮೋನಿನ ಸಾಧನ ಇವೆರಡು ಮುಖ್ಯ. ಅದೇ 2022ರ ಮಾರ್ಗಸೂಚಿ, ತಕ್ಷಣಕ್ಕೆ ಮಗು ಬೇಡದವರಿಗೆ ಶಸ್ತ್ರಚಿಕಿತ್ಸೆಯ ಬಳಿಕ ಮುಟ್ಟಿನ ನೋವು ಮರಳದಂತೆ ಇವುಗಳಲ್ಲಿ ಒಂದನ್ನು ಕನಿಷ್ಠ 18ರಿಂದ 24 ತಿಂಗಳು ಕೊಡಿ ಎನ್ನುತ್ತದೆ. ಮುಟ್ಟನ್ನು ಪೂರ್ತಿ ನಿಲ್ಲಿಸುವ ಚುಚ್ಚುಮದ್ದೂ ಇದೆ, ಆದರೆ ಅದರಿಂದ ಮೂಳೆ ಸವೆಯುತ್ತದೆ. ಅದಕ್ಕೆ ಜೊತೆಯಾಗಿ ಅಲ್ಪ ಪ್ರಮಾಣದ ಹಾರ್ಮೋನ್ ಕೊಡಬೇಕಾಗುತ್ತದೆ. ಡೈನೋಜೆಸ್ಟ್ 2 ಮಿಲಿಗ್ರಾಂ ಮಾತ್ರೆಯನ್ನು ಖಚಿತವಾದ ಗರ್ಭನಿರೋಧಕ ಎಂದು ನಂಬಿಕೊಳ್ಳಬೇಡಿ.

ನೋವಿನ ಮಾತ್ರೆಗೂ ಒಂದು ಮಾತು. ಮೆಫೆನಾಮಿಕ್ ಆಮ್ಲದ ಮಾತ್ರೆಯನ್ನು ನಮ್ಮೂರಿನ ಔಷಧಿ ಅಂಗಡಿಗಳಲ್ಲಿ ಮಿಠಾಯಿಯಂತೆ ಕೊಡುತ್ತಾರೆ. ಅದರಿಂದ ಅಪರೂಪಕ್ಕೆ ತೀವ್ರ ಅಲರ್ಜಿಯಾಗಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿದೆ. ಊಟದ ನಂತರ, ವೈದ್ಯರು ಹೇಳಿದ ಪ್ರಮಾಣದಲ್ಲಿ, ಕೆಲವೇ ದಿನ. ಮೈಮೇಲೆ ದದ್ದು, ಜ್ವರ ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ ಯಾವ ನೋವಿನ ಮಾತ್ರೆ, ಯಾವ ದಿನಗಳಲ್ಲಿ ಎಂದು ಕೇಳಿಕೊಂಡೇ ತೆಗೆದುಕೊಳ್ಳಿ.

ಬೆಳಗಿನ ಘಂಟೆಯವರ ಇಕ್ಕಟ್ಟು ಮಾತ್ರ ಬೇರೆ. ರೋಗವನ್ನು ತಡೆಯುವ ಈ ಹಾರ್ಮೋನುಗಳು ಮಗುವನ್ನೂ ತಡೆಯುತ್ತವೆ. ಆದ್ದರಿಂದ ಶಸ್ತ್ರಚಿಕಿತ್ಸಕರನ್ನು ಮಾತ್ರ ಕೇಳಿ ತೀರ್ಮಾನಿಸಬೇಡಿ. ಬಂಜೆತನದ ಚಿಕಿತ್ಸೆ ಕೊಡುವವರನ್ನೂ ಅದೇ ಕಡತದೊಂದಿಗೆ ಕಾಣಿ.

ವಿಜಯನಗರದ ಅಜ್ಜಿ

ನನಗೆ 63 ವರ್ಷ. ಮೊಮ್ಮಗಳು ಇದನ್ನು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆದುಕೊಡುತ್ತಿದ್ದಾಳೆ.

ನನ್ನ ಊರು ಹಾಸನ ಜಿಲ್ಲೆ. ಹದಿಮೂರಕ್ಕೆ ದೊಡ್ಡವಳಾದೆ, ಅಂದಿನಿಂದಲೇ ನೋವು. ಮದುವೆಯಾದರೆ ಹೋಗುತ್ತದೆ ಎಂದರು. ಮದುವೆಯಾಯಿತು. ಮಗುವಾದರೆ ಹೋಗುತ್ತದೆ ಎಂದರು. ಇಬ್ಬರು ಮಕ್ಕಳಾದರು. ಬಸುರಿಯಾಗಿದ್ದಾಗ, ಎದೆಹಾಲು ಕೊಡುವಾಗ ಮುಟ್ಟಿಲ್ಲದ್ದರಿಂದ ಸುಮ್ಮನಿತ್ತು, ಆಮೇಲೆ ಬಡ್ಡಿ ಸಮೇತ ಬಂತು. ಮೂವತ್ತೈದಕ್ಕೆ ಇಲ್ಲಿಯೇ, ಬೆಂಗಳೂರಿನಲ್ಲಿ, ಗರ್ಭಕೋಶ ತೆಗೆದರು. ಇನ್ನು ಮುಗಿಯಿತು ಎಂದು ಮನೆಯವರೆಲ್ಲ ಸಿಹಿ ಮಾಡಿ ತಿಂದರು. ಮುಟ್ಟು ಹೋಯಿತು ಮಗಳೇ, ನೋವು ಹೋಗಲಿಲ್ಲ. ತಿಂಗಳಿಗೊಮ್ಮೆ ಅದೇ ದಿನಗಳಿಗೆ ಅದೇ ಜಾಗದಲ್ಲಿ ಬರುತ್ತಿತ್ತು. ಗರ್ಭಕೋಶವೇ ಇಲ್ಲದವಳು ಹೊಟ್ಟೆನೋವು ಎಂದರೆ ಯಾರು ನಂಬುತ್ತಾರೆ? ನನ್ನ ಗಂಡನೇ ನಂಬಲಿಲ್ಲ. ಹತ್ತು ವರ್ಷದ ಮೇಲೆ ಬೇರೆ ಕಾರಣಕ್ಕೆ ಹೊಟ್ಟೆ ತೆರೆದಾಗ ಕರುಳಿನ ಮೇಲೆ ಗಂಟು ಸಿಕ್ಕಿತು. ಅಂಡಾಶಯಗಳನ್ನು ಉಳಿಸಿದ್ದರಂತೆ, ಅವು ತಮ್ಮ ಕೆಲಸ ಮಾಡುತ್ತಲೇ ಇದ್ದವು, ಆ ಗಂಟೂ ಅವುಗಳ ತಾಳಕ್ಕೆ ಊದಿಕೊಳ್ಳುತ್ತಲೇ ಇತ್ತು.

ಇನ್ನೊಂದು ಹೇಳಬೇಕು. ನಮ್ಮ ಕಾಲದಲ್ಲಿ ಹೊರಗಾದರೆ ಮೂರು ದಿನ ಹಿತ್ತಿಲ ಕೋಣೆಯಲ್ಲಿ ಚಾಪೆ ಹಾಕಿ ಕೂರಿಸುತ್ತಿದ್ದರು. ಮುಟ್ಟಬಾರದು, ಒಳಗೆ ಬರಬಾರದು. ಅದು ಅವಮಾನವೇ, ನನ್ನ ಮಗಳಿಗೆ ನಾನು ಅದನ್ನು ಮಾಡಲಿಲ್ಲ. ಆದರೆ ನನ್ನ ಬದುಕಿನಲ್ಲಿ ನೋವಿನ ದಿನ ಯಾರೂ ಕೆಲಸ ಹೇಳದೆ ಇದ್ದದ್ದು ಆ ಮೂರು ದಿನ ಮಾತ್ರ. ನಗರಕ್ಕೆ ಬಂದ ಮೇಲೆ ಆ ಚಾಪೆಯೂ ಹೋಯಿತು, ಬಿಡುವೂ ಹೋಯಿತು. ನಿಮ್ಮ ಅತ್ತೆಗೆ ಇದನ್ನು ಓದಿ ಹೇಳಮ್ಮ. ಅವರಿಗೂ ಅವರ ಅತ್ತೆ ಇದನ್ನೇ ಹೇಳಿರುತ್ತಾರೆ.

ವೈದ್ಯೆ, ದಕ್ಷಿಣ ಬೆಂಗಳೂರು

ಅಮ್ಮ, ನೀವು ಹೇಳಿದ್ದನ್ನು ನಮ್ಮ ವಿದ್ಯಾರ್ಥಿಗಳಿಗೆ ಓದಿ ಹೇಳುತ್ತೇನೆ. ಈ ರೋಗ ಇರುವುದೇ ಗರ್ಭಕೋಶದ ಹೊರಗೆ. ಹೊರಗಿನದನ್ನು ಬಿಟ್ಟು ಗರ್ಭಕೋಶವನ್ನಷ್ಟೇ ತೆಗೆದರೆ ಏನಾಗುತ್ತದೆಂಬುದಕ್ಕೆ ನಿಮ್ಮ ಬದುಕೇ ಸಾಕ್ಷಿ. ಅಡೆನೋಮಯೋಸಿಸ್ ಇದ್ದು, ಮಕ್ಕಳು ಬೇಡವೆಂದು ನಿಶ್ಚಯಿಸಿದವರಿಗೆ ಆ ಶಸ್ತ್ರಚಿಕಿತ್ಸೆಯಿಂದ ನಿಜವಾದ ಉಪಕಾರವಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 33ರ ಹರೆಯದಲ್ಲಿ ಮಗು ಬೇಕೆನ್ನುವವರಿಗೆ ಅದನ್ನು ಮೊದಲ ಮಾತಾಗಿ ಹೇಳಿದ್ದು ತಪ್ಪು. ನೋವಿಗೆ ಔಷಧಿಯೆಂದು ಬಸುರಿಯಾಗಲು ಹೇಳುವುದೂ ತಪ್ಪೇ. 2022ರ ಮಾರ್ಗಸೂಚಿಯಲ್ಲಿಯೂ ಹಾಗೆ ಹೇಳಬಾರದೆಂದೇ ಇದೆ.

ಬೆಳಗಿನ ಘಂಟೆ

ಎಲ್ಲರಿಗೂ ನಮಸ್ಕಾರ. ಐದು ವಾರಗಳಾದ ಮೇಲೆ ಬರೆಯುತ್ತಿದ್ದೇನೆ.

ಜಾಜಿ ಅಕ್ಕ, ಬರವಣಿಗೆಯಲ್ಲಿ ಅರ್ಜಿ ಕೊಟ್ಟೆ. ಮೊದಲ ದಿನ ‘ಡಿಸ್ಚಾರ್ಜ್ ಸಮ್ಮರಿ ಇದೆಯಲ್ಲ, ಮತ್ತೇಕೆ?’ ಎಂದರು. 72 ಗಂಟೆಯ ನಿಯಮವನ್ನು ಹೇಳಿದೆ. ಮೂರನೆಯ ದಿನ ಕೊಟ್ಟರು. ಅದರಲ್ಲಿ ಹೀಗಿದೆ: ಎಡ ಸಿಸ್ಟಿನ ದ್ರವವನ್ನು ಹೀರಿ ಗೋಡೆಯನ್ನು ಸುಡಲಾಗಿದೆ. ಗರ್ಭಕೋಶದ ಹಿಂಭಾಗ ಕರುಳಿಗೆ ಅಂಟಿಕೊಂಡಿದೆ, ಬಿಡಿಸಿಲ್ಲ. ಕೊನೆಯ ಪದವನ್ನು ಎಷ್ಟು ಸಲ ಓದಿದೆನೋ. ಬಿಡಿಸದೆ ಇದ್ದದ್ದಕ್ಕೆ ನನಗೆ ಕೋಪವಿಲ್ಲ. ಕರುಳಿನ ತಜ್ಞರು ಪಕ್ಕದಲ್ಲಿಲ್ಲದೆ ಅದನ್ನು ಮುಟ್ಟದಿರುವುದೇ ಕ್ಷೇಮ ಎಂದು ಈಗ ಕಂಡ ವೈದ್ಯರೂ ಹೇಳಿದರು. ಕೋಪ ಇರುವುದು ‘ಎಲ್ಲವನ್ನೂ ಸ್ವಚ್ಛ ಮಾಡಿದ್ದೇವೆ’ ಎಂಬ ಮಾತಿನ ಮೇಲೆ. ಆ ಮಾತನ್ನು ನಂಬಿ, ಮರಳಿ ಬಂದ ನೋವು ನನ್ನದೇ ತಪ್ಪಿರಬೇಕು ಎಂದುಕೊಂಡು ಊಟ, ನಿದ್ದೆ, ನಡಿಗೆ ಎಲ್ಲದರಲ್ಲೂ ತಪ್ಪು ಹುಡುಕಿದೆ.

ಎಂಆರ್‌ಐ ಆಯಿತು. ಗರ್ಭಕೋಶವನ್ನು ಹಿಂದಿನಿಂದ ಹಿಡಿದಿರುವ ನಾರಿನಲ್ಲಿ, ಬಲಗಡೆ, ಒಂದೂವರೆ ಸೆಂಟಿಮೀಟರಿನ ಗಂಟು. ಜೊತೆಗೆ ಸ್ವಲ್ಪ ಅಡೆನೋಮಯೋಸಿಸ್. ವರದಿ ಕೈಗೆ ಬಂದಾಗ ಸಮಾಧಾನವೇ ಆಯಿತು. ಬಲತೊಡೆಯ ಎಳೆತ ನಾನು ಕಟ್ಟಿದ ಕಥೆಯಲ್ಲ. ಎಎಂಎಚ್ 1.4 ಬಂದಿದೆ. ನನ್ನ ವಯಸ್ಸಿಗೆ ಇದು ಕಡಿಮೆಯ ಕಡೆಗೇ ಎಂದರು.

ಇಬ್ಬರು ವೈದ್ಯರು ಒಟ್ಟಿಗೆ ಕೂತು ಮಾತನಾಡಿದರು. ಎರಡು ಸೆಂಟಿಮೀಟರಿನ ಸಿಸ್ಟನ್ನು ಈಗ ಮುಟ್ಟುವುದಿಲ್ಲ. ಮೊದಲು ಅಂಡಾಣು ತೆಗೆದು ಭ್ರೂಣಗಳನ್ನು ಶೀತಲೀಕರಿಸಿ ಇಡುವುದು. ಅದಾದ ಮೇಲೆ, ನೋವು ಆಗಲೂ ಹೀಗೆಯೇ ಇದ್ದರೆ, ಕರುಳಿನ ಶಸ್ತ್ರಚಿಕಿತ್ಸಕರೂ ಇರುವ ತಂಡದಿಂದ ಆ ಗಂಟನ್ನು ತೆಗೆಸುವುದು. ಎರಡನೆಯ ಸಲ ಶಸ್ತ್ರಚಿಕಿತ್ಸೆ ಬೇಕೇ ಎಂದು ಕೇಳಿದ್ದೆ. ಬೇಕಾಗಬಹುದು, ಆದರೆ ಈ ತಿಂಗಳಲ್ಲ, ಅದೇ ಜಾಗಕ್ಕೂ ಅಲ್ಲ. ಮಂದಾರ ಅವರು ಹೇಳಿದ ಸಡಿಲ ಬಿಡುವ ಉಸಿರಾಟವನ್ನು ಕಲಿಯುತ್ತಿದ್ದೇನೆ. ಶೌಚದ ನೋವು ಹಾಗೆಯೇ ಇದೆ, ಸೊಂಟದ ಬಿಗಿ ಸ್ವಲ್ಪ ಇಳಿದಿದೆ. ಶಾಲೆಯಲ್ಲಿ ಮುಖ್ಯ ಶಿಕ್ಷಕಿಗೆ ಕಾಯಿಲೆಯ ಹೆಸರು ಹೇಳಿದೆ. ಮುಟ್ಟಿನ ದಿನಗಳಲ್ಲಿ ಕೂತು ಪಾಠ ಮಾಡಲು ಒಂದು ಎತ್ತರದ ಕುರ್ಚಿ ಹಾಕಿಸಿದ್ದಾರೆ.

ಅಜ್ಜಿ, ನಿಮ್ಮ ಮಾತನ್ನು ಅತ್ತೆಗೆ ಓದಿ ಹೇಳಿದೆ. ಅವರು ಅವರೆಕಾಳು ಹಿಚುಕುತ್ತಿದ್ದರು. ಓದಿ ಮುಗಿಸಿದರೂ ಏನೂ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ ‘ನನಗೂ ಕೂರುವುದಕ್ಕೆ ಆಗುತ್ತಿರಲಿಲ್ಲ, ಯಾರ ಹತ್ತಿರ ಹೇಳುವುದು’ ಎಂದರು. ಸೋಮವಾರದ ಭೇಟಿಗೆ ತಾವೂ ಬರುತ್ತಾರಂತೆ. ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ಬಿಟ್ಟುಹೋದದ್ದು ಇದ್ದರೆ ಹೇಳಿ.

ಜಯನಗರದ ಜಾಜಿ

ಒಂದು ಸೇರಿಸಿಕೊಳ್ಳಿ ತಂಗಿ. ಆ ಜಾಗದ ಗಂಟು ಪಕ್ಕದಲ್ಲಿಯೇ ಹೋಗುವ ಮೂತ್ರನಾಳವನ್ನು ಒತ್ತಬಹುದು. ಮೂತ್ರಪಿಂಡ ಊದಿಕೊಂಡರೂ ನೋವೇ ಗೊತ್ತಾಗದಿರುವುದುಂಟು, ನನಗೆ ಎರಡನೆಯ ಸಲ ಆದದ್ದು ಹಾಗೆಯೇ. ಎಂಆರ್‌ಐಯಲ್ಲಿ ಮೂತ್ರನಾಳಗಳನ್ನು ನೋಡಿದ್ದಾರೆಯೇ, ಮೂತ್ರಪಿಂಡದ ಸ್ಕ್ಯಾನ್ ಆಗಿದೆಯೇ ಎಂದು ಸೋಮವಾರ ಮೊದಲು ಅದನ್ನೇ ಕೇಳಿ.